ಮುಧೋಳ ನಾಯಿ: ಮರಿ ತರುವ ಮೊದಲು, ತಂದ ಮೇಲೆ

ಮುಧೋಳ ನಾಯಿಗೆ ಈಗ ಹೆಸರು ಜಾಸ್ತಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ತಂದಿತು. ಆಮೇಲೆ ಸೇನೆಯವರು ಮರಿಗಳನ್ನು ಒಯ್ದು ಮೀರತ್‌ನಲ್ಲಿ ತರಬೇತಿ ಕೊಟ್ಟರು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ರೇಡಿಯೊ ಮಾತಿನಲ್ಲಿ ಅದರ ಹೆಸರೆತ್ತಿದ ಮೇಲಂತೂ ಕೇಳುವುದೇ ಬೇಡ. ಹೀಗೆ ಹೆಸರು ಕೇಳಿ ಮರಿ ತಂದವರಲ್ಲಿ ಎಷ್ಟೋ ಮಂದಿ, ವರ್ಷ ತುಂಬುವುದರೊಳಗೆ ಅದನ್ನು ಗೇಟಿನ ಪಕ್ಕ ಸರಪಳಿಗೆ ಕಟ್ಟಿ, "ಇದು ಮಾತೇ ಕೇಳಲ್ಲ ರೀ" ಅಂತ ಬೇಸರ ಮಾಡಿಕೊಳ್ಳುತ್ತಾರೆ. ಓಡುವುದಕ್ಕೆ ಹುಟ್ಟಿದ ನಾಯಿಯನ್ನು ಕಾವಲಿಗೆ ಅಂತ ತಂದು ಕಟ್ಟಿಹಾಕಿದರೆ ಮತ್ತೇನಾಗಬೇಕು?

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಬಿಸಿಲು, ಕಬ್ಬಿನ ಗದ್ದೆ, ತೋಟದ ಮನೆ, ಊರೊಳಗಿನ ಓಣಿ ಇವನ್ನೆಲ್ಲ ಮನಸ್ಸಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಅರ್ಧಕ್ಕಿಂತ ಜಾಸ್ತಿ ಮಾತು ಯಾವ ನಾಯಿಗಾದರೂ ಸಲ್ಲುತ್ತದೆ.

ಮೊದಲು ಮನೆ ನೋಡಿ, ಆಮೇಲೆ ಮರಿ

ಮುಧೋಳ ನಾಯಿ ಮೂಸಿ ಹುಡುಕುವುದಕ್ಕಿಂತ ಕಣ್ಣಿನಿಂದ ನೋಡಿ ಬೆನ್ನಟ್ಟುವ ನಾಯಿ. ಉದ್ದ ತಲೆ, ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ, ನೀಳ ಕಾಲು. ದೂರದಲ್ಲಿ ಏನೋ ಮಿಸುಕಿತು ಅಂದರೆ ಸಾಕು, ಕಾಲು ಎದ್ದುಬಿಡುತ್ತದೆ. ಆಗ ನೀವು ಎಷ್ಟು ಕೂಗಿದರೂ ಅದರ ಕಿವಿಗೆ ಬೀಳುವುದಿಲ್ಲ. ಇದು ಸೊಕ್ಕಲ್ಲ. ತಲೆಮಾರುಗಳಿಂದ ಬೇಟೆಗಾರರು ಆರಿಸಿ ಆರಿಸಿ ಬೆಳೆಸಿದ ಗುಣ.

ಹೀಗಾಗಿ ಮರಿಯ ಬಣ್ಣ ಯಾವುದು ಅಂತ ಕೇಳುವ ಮೊದಲು ಮನೆಯಲ್ಲಿ ಕೂತು ಬೇರೆ ಕೆಲವು ಪ್ರಶ್ನೆ ಕೇಳಿಕೊಳ್ಳಿ. ದಿನಾ ಬೆಳಗ್ಗೆ, ಸಂಜೆ ಹೊರಗೆ ಕರೆದೊಯ್ಯುವವರು ಯಾರು? ವಾರಕ್ಕೆ ಮೂರ್ನಾಲ್ಕು ಸಲವಾದರೂ ಹಗ್ಗ ಬಿಚ್ಚಿ ಓಡಿಸಲು ಬೇಲಿ ಇರುವ ಜಾಗ ಇದೆಯಾ? ಸವದತ್ತಿ ಎಲ್ಲಮ್ಮನ ಗುಡ್ಡಕ್ಕೋ ಪಂಢರಪುರಕ್ಕೋ ಮನೆಮಂದಿಯೆಲ್ಲ ಹೋದರೆ ಊಟ ಹಾಕುವವರು ಯಾರು? ಚೆನ್ನಾಗಿ ಸಾಕಿದರೆ ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಈಗ ಐದನೇ ಕ್ಲಾಸಿನಲ್ಲಿರುವ ಮಗ "ನಾನು ನೋಡ್ಕೋತೀನಿ" ಅಂದರೆ, ಅವನು ಹುಬ್ಬಳ್ಳಿಗೋ ಬೆಂಗಳೂರಿಗೋ ಓದಲು ಹೋದಾಗ ಆ ನಾಯಿ ನಿಮ್ಮದೇ.

ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಇಲ್ಲವೆಂದರೆ ಮುಧೋಳ ಮರಿ ಬೇಡ. ಬೆಳಗಾವಿಯ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಇದ್ದೀರಾ? ಓಣಿಯಲ್ಲೇ ಹುಟ್ಟಿದ ಒಂದು ಮರಿಯನ್ನು ಎತ್ತಿಕೊಂಡು ಬನ್ನಿ. ನಮ್ಮ ಬೀದಿ ನಾಯಿಯ ಮರಿ ಇಲ್ಲಿನ ಹವೆಗೆ ಹೊಂದಿಕೊಂಡೇ ಹುಟ್ಟಿರುತ್ತದೆ, ಕಡಿಮೆ ಜಾಗದಲ್ಲಿ ಇರುತ್ತದೆ, ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲ. ಜಾತಿ ನಾಯಿ ಅಂದರೆ ಮಾತ್ರ ನಾಯಿ ಎನ್ನುವ ಭ್ರಮೆ ನಮ್ಮಲ್ಲಿ ಯಾಕೆ ಬಂತೋ.

ಇನ್ನೊಂದು ಮಾತು. ಮನೆ ಕಾವಲಿಗೆ ಅಂತ ಮುಧೋಳ ತರುವವರಿದ್ದಾರೆ. ಅಪರಿಚಿತರನ್ನು ಕಂಡರೆ ಅದು ದೂರ ನಿಲ್ಲುತ್ತದೆ, ಬೊಗಳುತ್ತದೆ, ಸರಿ. ಆದರೆ ಅದರ ಮುಖ್ಯ ಕಸುಬು ಕಾವಲಲ್ಲ.

ಮರಿ ಎಲ್ಲಿಂದ ತರಬೇಕು

ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೈಕೆಳಗೆ ಬರುವ ಕೇಂದ್ರ. ತಳಿ ಉಳಿಸುವ ಕೆಲಸ ಅಲ್ಲಿ ನಡೆಯುತ್ತದೆ. ಹೋದ ದಿನವೇ ಮರಿ ಸಿಗುತ್ತದೆ ಅಂದುಕೊಳ್ಳಬೇಡಿ, ಮೊದಲು ವಿಚಾರಿಸಿಕೊಂಡು ಹೋಗಿ. ಮುಧೋಳ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಮನೆಯಲ್ಲಿ ಸಾಕಿ ಮಾರುವವರೂ ಇದ್ದಾರೆ. ಅವರಲ್ಲಿ ಒಳ್ಳೆಯವರು ನಿಮ್ಮನ್ನೇ ಹತ್ತು ಪ್ರಶ್ನೆ ಕೇಳುತ್ತಾರೆ. ಏನೂ ಕೇಳದೆ ದುಡ್ಡು ಎಣಿಸಿಕೊಳ್ಳುವವರ ಹತ್ತಿರ ಸ್ವಲ್ಪ ಹುಷಾರು.

ಫೋಟೊ ನೋಡಿ ಮುಂಗಡ ಕಳಿಸಬೇಡಿ. ಮನೆಗೆ ಹೋಗಿ ತಾಯಿಯನ್ನು ನೋಡಿ. ತಾಯಿ ಯಾವ ಜಾಗದಲ್ಲಿ ಮಲಗುತ್ತದೆ, ಮನುಷ್ಯರನ್ನು ಕಂಡರೆ ಬಾಲ ಅಲ್ಲಾಡಿಸುತ್ತದೋ ಮೂಲೆಗೆ ಸರಿಯುತ್ತದೋ ನೋಡಿ. ಹೆದರುಪುಕ್ಕಲು ತಾಯಿಯ ಮರಿ ಹೆಚ್ಚಾಗಿ ಹಾಗೇ ಆಗುತ್ತದೆ. ಸಾಧ್ಯವಾದರೆ ತಂದೆಯನ್ನೂ ತೋರಿಸಲು ಹೇಳಿ. ಒಂದೇ ಮನೆಯ ಅಣ್ಣತಂಗಿ ನಾಯಿಗಳನ್ನೇ ಕೂಡಿಸಿ ಮರಿ ತೆಗೆಯುವ ಚಾಳಿ ಇದೆ, ಅಲ್ಲಿಂದ ಬರುವ ಮರಿ ಬೇಡ.

ಮರಿಗೆ ಎಂಟು ವಾರ ತುಂಬಿರಬೇಕು. ಇದು ನನ್ನ ಸಲಹೆ ಮಾತ್ರವಲ್ಲ, ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟದ ಬಗ್ಗೆ 2017ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮವೂ ಹೌದು. ತಿಂಗಳ ಮರಿಯನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿ ಕೊಡುವವರು ನಿಮ್ಮ ಮೇಲೆ ಉಪಕಾರ ಮಾಡುತ್ತಿಲ್ಲ. ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಆಡುತ್ತಲೇ, ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನು ಮರಿ ಕಲಿಯುವುದು. ಅದನ್ನು ಕಲಿಯದೆ ಬಂದದ್ದು ಮುಂದೆ ನಿಮ್ಮ ಮಕ್ಕಳ ಕೈ ಮೇಲೆ ಕಲಿಯುತ್ತದೆ.

ಕೈಯಲ್ಲಿ ಎತ್ತಿಕೊಂಡು ನೋಡಿ. ಒಸಡು ತಿಳಿ ಗುಲಾಬಿ ಇರಬೇಕು. ಕಣ್ಣಲ್ಲಿ ಪಿಸುರು, ಮೂಗಲ್ಲಿ ಸಿಂಬಳ ಇರಬಾರದು. ಮೈಯೆಲ್ಲ ಬಡಕಲು, ಹೊಟ್ಟೆ ಮಾತ್ರ ಉಬ್ಬಿದ್ದರೆ ಜಂತು ತುಂಬಿದೆ ಎಂದರ್ಥ. ಲಸಿಕೆ ಹಾಕಿಸಿದ್ದೇವೆ ಅಂದರೆ ಕಾರ್ಡ್ ಕೇಳಿ. ಅದರಲ್ಲಿ ಲಸಿಕೆ ಬಾಟಲಿಯ ಸ್ಟಿಕ್ಕರ್, ದಿನಾಂಕ, ಡಾಕ್ಟರ ಸಹಿ ಇರಬೇಕು. ಬರೀ ಬಾಯಿಮಾತಿಗೆ ಬೆಲೆಯಿಲ್ಲ. ನಾಯಿಗಳ ತಳಿ ನೋಂದಾಯಿಸುವ ಸಂಸ್ಥೆಯಾದ ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದ ಕೊಟ್ಟರೆ ಅದರಲ್ಲಿ ಕ್ಯಾರವಾನ್ ಹೌಂಡ್ ಅಂತ ಬರೆದಿರುತ್ತದೆ. ಗಾಬರಿ ಬೇಡ, ಅದೂ ಇದೇ ನಾಯಿ.

ಮರಿ ಬರುವ ಮೊದಲು

ಕಂಪೌಂಡ್ ಆರು ಅಡಿ ಇದ್ದರೆ ಒಳ್ಳೆಯದು. ನಾಲ್ಕಡಿ ಗೋಡೆಯನ್ನು ದೊಡ್ಡ ಮುಧೋಳ ನಾಯಿ ಸುಲಭವಾಗಿ ಹಾರುತ್ತದೆ. ಗೇಟಿನ ಕೆಳಗಿನ ಸಂದಿ ಮುಚ್ಚಿ. ಸಂಪಿನ ಮುಚ್ಚಳ ಗಟ್ಟಿಯಾಗಿದೆಯಾ ನೋಡಿ.

ತೋಟದಲ್ಲಿ ಕೃಷಿ ಹೊಂಡ ಇದ್ದರೆ ಅದರ ಬಗ್ಗೆ ಬೇರೆಯಾಗಿ ಹೇಳಬೇಕು. ಪ್ಲಾಸ್ಟಿಕ್ ಹಾಸಿದ ಹೊಂಡದ ಅಂಚು ಜಾರುತ್ತದೆ. ನೀರು ಕುಡಿಯಲು ಇಳಿದ ನಾಯಿ ಮತ್ತೆ ಮೇಲೆ ಹತ್ತಲಾರದೆ, ಈಜಿ ಈಜಿ ಸುಸ್ತಾಗಿ ಮುಳುಗುತ್ತದೆ. ಸುತ್ತ ತಂತಿ ಬೇಲಿ ಹಾಕಿಸಿ. ಅದಾಗುವವರೆಗೆ ದಪ್ಪ ಹಗ್ಗಕ್ಕೆ ಹಳೇ ಟೈರುಗಳನ್ನು ಕಟ್ಟಿ ಎರಡು ಮೂರು ಕಡೆ ಅಂಚಿನಿಂದ ನೀರಿನವರೆಗೆ ಇಳಿಬಿಡಿ. ಮಕ್ಕಳು ಬಿದ್ದರೂ ಹಿಡಿದುಕೊಳ್ಳಲು ಆಗುತ್ತದೆ.

ಮಲಗಲು ಮೆತ್ತನೆಯದು ಬೇಕೇ ಬೇಕು. ಈ ನಾಯಿಯ ಮೈಮೇಲೆ ಕೊಬ್ಬಿಲ್ಲ, ಕೂದಲೂ ಗಿಡ್ಡ. ಬರಿ ಕಲ್ಲುಹಾಸಿನ ಮೇಲೆ ಮಲಗಿ ಮಲಗಿ ಮೊಣಕೈ ಗಡುಸಾಗಿ, ಆಮೇಲೆ ಹುಣ್ಣಾಗುತ್ತದೆ. ಅಂಗಡಿಯ ಹಾಸಿಗೆ ಬೇಕಿಲ್ಲ. ಮನೆಯಲ್ಲಿ ಹಳೇ ಕೌದಿ ಇರುತ್ತದಲ್ಲ, ಅದನ್ನು ನಾಲ್ಕು ಮಡಿಕೆ ಮಾಡಿ ಹಾಕಿ. ವಾರಕ್ಕೊಮ್ಮೆ ಒಗೆದು ಬಿಸಿಲಿಗೆ ಹಾಕಿದರೆ ಚಿಗಟವೂ ಕಡಿಮೆ. ಡಿಸೆಂಬರ್, ಜನವರಿಯ ಚಳಿಗೆ ರಾತ್ರಿ ಒಳಗೆ ಮಲಗಿಸಿ.

ಕೊರಳಪಟ್ಟಿ ಅಗಲ ಇರಲಿ. ಇದರ ತಲೆ ಕುತ್ತಿಗೆಯಷ್ಟೇ ಸಣ್ಣ, ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಪಟ್ಟಿ ಕಳಚಿಕೊಂಡು ಬರುತ್ತದೆ. ಎದೆಗೆ ಹಾಕುವ ಹಾರ್ನೆಸ್ ಇನ್ನೂ ಒಳ್ಳೆಯದು. ಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರ್ ಬರೆಸಿ. ಡಾಕ್ಟರ ಹತ್ತಿರ ಮೈಕ್ರೊಚಿಪ್ ಹಾಕಿಸಿದರೆ ಇನ್ನೂ ಭದ್ರ. ಅಕ್ಕಿಕಾಳಿನಷ್ಟು ಚಿಪ್ಪು, ಚರ್ಮದ ಕೆಳಗೆ ಕೂರುತ್ತದೆ, ಅದರಲ್ಲಿ 15 ಅಂಕಿಯ ನಂಬರ್ ಇರುತ್ತದೆ. ನಗರದಲ್ಲಿ ಇರುವವರು ಪಾಲಿಕೆ ಅಥವಾ ನಗರಸಭೆಗೆ ಹೋಗಿ ನಾಯಿ ನೋಂದಣಿಯ ನಿಯಮ ಕೇಳಿಕೊಳ್ಳಿ.

ಊಟ

ನಮ್ಮ ಕಡೆ ನಾಯಿಗೆ ರೊಟ್ಟಿ, ನುಚ್ಚು, ಮಜ್ಜಿಗೆ ಹಾಕಿಯೇ ಬೆಳೆಸಿದ್ದು. ತಪ್ಪೇನಿಲ್ಲ. ಆದರೆ ಬರೀ ಜೋಳದ ರೊಟ್ಟಿಯಿಂದ ಓಡುವ ನಾಯಿಯ ಮೈ ಕಟ್ಟುವುದಿಲ್ಲ. ಹಳೇ ಕಾಲದ ನಾಯಿ ಮೊಲವೋ ಇಲಿಯೋ ಹಿಡಿದು ಮಾಂಸ ತಿನ್ನುತ್ತಿತ್ತು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ "ನಮ್ಮಜ್ಜ ರೊಟ್ಟಿ ಹಾಕೇ ಸಾಕಿದ್ದ" ಅನ್ನುತ್ತೇವೆ. ದಿನದ ಊಟದಲ್ಲಿ ಬೇಯಿಸಿದ ಮೊಟ್ಟೆ, ಎಲುಬು ತೆಗೆದ ಕೋಳಿ, ಇಲ್ಲವೇ ಮೀನು ಇರಲಿ. ಮಾಂಸ ತರದ ಮನೆಯಾದರೆ ಮೊಟ್ಟೆಗಾದರೂ ಒಪ್ಪಿಕೊಳ್ಳಿ, ಅದೂ ಆಗದಿದ್ದರೆ ಡಾಕ್ಟರನ್ನು ಕೇಳಿ ಒಳ್ಳೆಯ ಪ್ಯಾಕೆಟ್ ಆಹಾರ ಆರಿಸಿ.

ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ ಊಟ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಎಮ್ಮೆ ಹಾಲು ಗಟ್ಟಿಯಾಗಿ ಕುಡಿಸಿದರೆ ಮರಿಗೆ ಭೇದಿ ಶುರುವಾಗುತ್ತದೆ. ಮರಿಯನ್ನು ತಂದ ವಾರ ಊಟ ಬದಲಿಸಬೇಡಿ. ಅಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಕೊಟ್ಟು, ಹೊಸದನ್ನು ಸ್ವಲ್ಪ ಸ್ವಲ್ಪ ಸೇರಿಸಿ.

ಬೆಳೆದ ನಾಯಿಯ ಹಿಂದಿನ ಎರಡು ಮೂರು ಪಕ್ಕೆಲುಬು ಕಾಣಬೇಕು. ಮುಧೋಳ ನಾಯಿಯ ಮೈಕಟ್ಟೇ ಹಾಗೆ. ಬೀಗರು ಬಂದು "ನಾಯಿಗೆ ಊಟ ಹಾಕ್ತೀರೋ ಇಲ್ವೋ" ಅಂದರೆ ನಕ್ಕು ಸುಮ್ಮನಿರಿ. ಪಕ್ಕೆಲುಬು ಮುಚ್ಚುವಂತೆ ತಿನ್ನಿಸಿದರೆ ಕೀಲಿಗೂ ಹೃದಯಕ್ಕೂ ಭಾರ. ಹಾಗಂತ ಬೆನ್ನುಮೂಳೆ, ಸೊಂಟದ ಮೂಳೆಯೆಲ್ಲ ಚೂಪಾಗಿ ಎದ್ದು, ಕೂದಲು ಹೊಳಪಿಲ್ಲದೆ ಇದ್ದರೆ ಅದು ತಳಿಯ ಗುಣವಲ್ಲ, ಹಸಿವೋ ಜಂತುವೋ ಇರಬೇಕು.

ಹಾಕಬಾರದ್ದು: ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಬೇಯಿಸಿದ ಎಲುಬು. ಇವುಗಳ ಜೊತೆ ನಮ್ಮ ಕಡೆ ದೊಡ್ಡದಾಗಿ ಬರೆಯಬೇಕಾದ್ದು ದ್ರಾಕ್ಷಿ. ವಿಜಯಪುರ, ತಿಕೋಟಾ, ಅಥಣಿ ಕಡೆ ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್ ಎಲ್ಲೆಲ್ಲೂ ಇವೆ. ಹಸಿ ದ್ರಾಕ್ಷಿಯಾಗಲಿ ಒಣದ್ರಾಕ್ಷಿಯಾಗಲಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು. ಯಾವ ನಾಯಿಗೆ ಎಷ್ಟು ತಿಂದರೆ ತೊಂದರೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಶೆಡ್ಡಿನಲ್ಲಿ ನಾಯಿಯನ್ನು ಬಿಡಬೇಡಿ, ತಿಂದದ್ದು ಕಂಡರೆ ವಾಂತಿ ಆಗುವವರೆಗೆ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಇನ್ನು ಹೊಟ್ಟೆ ಉಬ್ಬರ. ಆಳ ಎದೆಯ ನಾಯಿಗಳಲ್ಲಿ ಜಠರ ಗಾಳಿ ತುಂಬಿ ತಿರುಚಿಕೊಳ್ಳುತ್ತದೆ. ಹೊಟ್ಟೆ ಬಿಗಿದು ಉಬ್ಬಿರುತ್ತದೆ, ನಾಯಿ ವಾಂತಿ ಮಾಡಲು ಒದ್ದಾಡುತ್ತದೆ, ಏನೂ ಹೊರಗೆ ಬರುವುದಿಲ್ಲ. ಅದು ಕಂಡರೆ ಬೆಳಗಾಗಲಿ ಅಂತ ಕಾಯಬಾರದು. ಊಟದ ಹಿಂದೆ ಮುಂದೆ ಒಂದು ತಾಸು ಓಡಿಸದಿದ್ದರೆ ಅಪಾಯ ಕಡಿಮೆ.

ಲಸಿಕೆ, ಜಂತಿನ ಔಷಧ

ಆರರಿಂದ ಎಂಟು ವಾರದ ವಯಸ್ಸಿಗೆ ಮೊದಲ ಲಸಿಕೆ. ಇದು ಪಾರ್ವೊ, ಡಿಸ್ಟೆಂಪರ್ ಮುಂತಾದ ರೋಗಗಳಿಗೆ. ಮೂರ್ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕಿಸುತ್ತ 16 ವಾರದವರೆಗೆ ಮುಗಿಸಬೇಕು. ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಮುಂದಿನ ಡೋಸುಗಳ ತಾರೀಖನ್ನು ಡಾಕ್ಟರ್ ಕಾರ್ಡಿನಲ್ಲಿ ಬರೆದು ಕೊಡುತ್ತಾರೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಒಂದು ಇಂಜೆಕ್ಷನ್ ಹಾಕಿಸಿ "ಎಲ್ಲ ಆಯ್ತು" ಅಂತ ಬಿಟ್ಟ ಮರಿಗಳೇ ಪಾರ್ವೊಗೆ ಸಿಕ್ಕುವುದು. ರಕ್ತಭೇದಿ, ವಾಂತಿ, ಕೆಟ್ಟ ನಾತ. ಎರಡು ಮೂರು ದಿನದಲ್ಲಿ ಮರಿ ಹೋಗಿಬಿಡುತ್ತದೆ. ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮನೆಯಲ್ಲಿ ಹಿಂದಿನ ಮರಿ ಅದರಿಂದ ಸತ್ತಿದ್ದರೆ, ಲಸಿಕೆ ಪೂರ್ತಿಯಾಗದ ಹೊಸ ಮರಿಯನ್ನು ಅಲ್ಲಿಗೆ ತರಬೇಡಿ.

ಜಂತಿನ ಔಷಧ ಮರಿಗೆ ಎರಡು ವಾರದಿಂದಲೇ ಶುರು. ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ತೂಕ ನೋಡಿ ಕೊಡಬೇಕು, ಅಂದಾಜಿಗಲ್ಲ.

ಹತ್ತಿರದ ಪಶು ಆಸ್ಪತ್ರೆಯನ್ನು, ಅಂದರೆ ನಮ್ಮವರ ಬಾಯಲ್ಲಿ ದನದ ದವಾಖಾನೆಯನ್ನು, ಮರಿ ಚೆನ್ನಾಗಿರುವಾಗಲೇ ಒಮ್ಮೆ ಹೋಗಿ ನೋಡಿ ಬನ್ನಿ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಹೊತ್ತಿಗೆ ಹಲವು ಕಡೆ ಉಚಿತ ಲಸಿಕೆ ಶಿಬಿರ ಇಡುತ್ತಾರೆ. ತುರ್ತಾದರೆ 1962 ಸಂಖ್ಯೆ ಪಶು ಸಂಜೀವಿನಿ ಆಂಬುಲೆನ್ಸಿನದು.

ಸರಪಳಿಯ ವಿಷಯ

ಇಲ್ಲಿ ಸ್ವಲ್ಪ ಖಡಕ್ಕಾಗಿಯೇ ಹೇಳುತ್ತೇನೆ. ಹಗಲೆಲ್ಲ ಕಟ್ಟಿ ರಾತ್ರಿ ಬಿಡುವುದು ನಮ್ಮ ಕಡೆಯ ಪದ್ಧತಿ. ಹಗಲಿಡೀ ಮೂರಡಿ ಜಾಗದಲ್ಲಿ ಸುತ್ತಿದ ನಾಯಿಗೆ ರಾತ್ರಿ ಬಿಟ್ಟ ಕೂಡಲೇ ಮೈಯಲ್ಲಿರುವ ಓಟವೆಲ್ಲ ಒಮ್ಮೆಗೇ ಹೊರಬರುತ್ತದೆ. ಪಕ್ಕದ ದೊಡ್ಡಿಗೆ ನುಗ್ಗಿ ಕೋಳಿ ಹಿಡಿಯುತ್ತದೆ, ಬೈಕಿನ ಹಿಂದೆ ಬೀಳುತ್ತದೆ. ಬೆಳಗ್ಗೆ ಜಗಳ ನಿಮ್ಮ ಬಾಗಿಲಿಗೆ. ಆಮೇಲೆ ಇನ್ನೂ ಗಿಡ್ಡ ಸರಪಳಿ.

ಕಾನೂನು ಏನು ಹೇಳುತ್ತದೆ ನೋಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು ಅಪರಾಧ. ಯಾವಾಗಲೂ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಕೊಡದಿರುವುದೂ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ಇವತ್ತು ಚಹಾ ಭಜಿಗೂ ಸಾಲದು. ಹಾಗಾಗಿ ದಂಡದ ಹೆದರಿಕೆಯಿಂದ ಯಾರೂ ಬದಲಾಗುವುದಿಲ್ಲ.

ಬದಲಿಗೆ ಹೀಗೆ ಮಾಡಿ. ತೋಟದಲ್ಲೋ ಹಿತ್ತಲಲ್ಲೋ ಒಂದು ಮೂಲೆಗೆ ಜಾಳಿಗೆ ಹಾಕಿ ದೊಡ್ಡಿ ಕಟ್ಟಿ, ಮೇಲೆ ನೆರಳು ಮಾಡಿ. ಒಳಗೆ ನಾಯಿ ನಾಲ್ಕು ಹೆಜ್ಜೆ ಓಡಿ ತಿರುಗುವಷ್ಟು ಜಾಗ ಇರಲಿ. ಬೆಳಗ್ಗೆ ಆರಕ್ಕೆ ಮುಂಚೆ, ಸಂಜೆ ಆರರ ಮೇಲೆ ಅರ್ಧ ಅರ್ಧ ತಾಸು ನಡೆಸಿ. ಬೇಲಿಯೊಳಗಿನ ಹೊಲ ಸಿಕ್ಕರೆ ಹಗ್ಗ ಬಿಚ್ಚಿ ಬಿಡಿ. ಹತ್ತು ನಿಮಿಷ ಗಾಳಿಯಂತೆ ಓಡುತ್ತದೆ, ಆಮೇಲೆ ಅರ್ಧ ದಿನ ಕೌದಿ ಮೇಲೆ ಬಿದ್ದಿರುತ್ತದೆ. ಓಟ ಸಿಕ್ಕ ಮುಧೋಳ ನಾಯಿ ಮನೆಯೊಳಗೆ ಬಹಳ ಸೋಮಾರಿ. ಇದನ್ನು ನೋಡದವರು ನಂಬುವುದಿಲ್ಲ. ಎಂಟು ತಿಂಗಳಿಗಿಂತ ಚಿಕ್ಕ ಮರಿಯನ್ನು ಮಾತ್ರ ಬೈಕಿನ ಪಕ್ಕ ಓಡಿಸುವ ಹುಚ್ಚು ಬೇಡ, ಮೂಳೆ ಇನ್ನೂ ಬಲಿತಿರುವುದಿಲ್ಲ.

ತೆರೆದ ಬಯಲಲ್ಲಿ ಬಿಡಬೇಡಿ. ಮುಧೋಳ, ಬೀಳಗಿ ತಾಲ್ಲೂಕುಗಳ ಕಡೆ ಯಡಹಳ್ಳಿ ಚಿಂಕಾರ ವನ್ಯಧಾಮ ಇದೆ. ಚಿಂಕಾರ ಇರಲಿ, ಮೊಲದ ಬೇಟೆಯೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. "ನಾಯಿ ತಾನಾಗೇ ಹಿಡಿಯಿತು" ಎನ್ನುವ ಮಾತು ಅರಣ್ಯ ಇಲಾಖೆಯ ಮುಂದೆ ನಡೆಯುವುದು ಕಷ್ಟ. ಮೊಲ ಬಿಟ್ಟು ಓಡಿಸುವ ಪಂದ್ಯಕ್ಕೆ ಕರೆದರೆ ಹೋಗಬೇಡಿ.

ಪಾಠ ಹೇಳುವಾಗ ಹೊಡೆಯಬಾರದು. ಈ ನಾಯಿ ಮನಸ್ಸಿಗೆ ಹಚ್ಚಿಕೊಳ್ಳುವ ಜಾತಿ. ಒಮ್ಮೆ ಕೋಲು ಕಂಡರೆ ಕರೆದಾಗ ಬರುವುದನ್ನೇ ಬಿಡುತ್ತದೆ. ಕರೆದಾಗ ಬಂದರೆ ಒಂದು ತುಂಡು ಮೊಟ್ಟೆ ಕೊಡಿ, ದಿನಾ ಐದೇ ನಿಮಿಷ ಮಾಡಿ. ಮೂರರಿಂದ ಹದಿನಾಲ್ಕು ವಾರದ ವಯಸ್ಸಿನಲ್ಲಿ ಮರಿ ಏನೇನು ನೋಡುತ್ತದೋ ಅದಕ್ಕೆಲ್ಲ ಹೊಂದಿಕೊಳ್ಳುತ್ತದೆ. ಟ್ರ್ಯಾಕ್ಟರ್ ಸದ್ದು, ಡೊಳ್ಳು, ಟೋಪಿ ಹಾಕಿದವರು, ಅಳುವ ಮಕ್ಕಳು, ಆಡು, ಕೋಳಿ, ಎಮ್ಮೆ ಎಲ್ಲವನ್ನೂ ಕಂಕುಳಲ್ಲಿ ಎತ್ತಿಕೊಂಡು ತೋರಿಸಿ. ಲಸಿಕೆ ಮುಗಿಯುವವರೆಗೆ ಬೀದಿಯಲ್ಲಿ ನೆಲಕ್ಕೆ ಬಿಡದಿದ್ದರಾಯಿತು.

ಬೇಸಿಗೆ

ಏಪ್ರಿಲ್, ಮೇನಲ್ಲಿ ವಿಜಯಪುರ, ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟುತ್ತದೆ. "ಇದು ನಮ್ಮ ಬಿಸಿಲಿನ ನಾಯಿ, ಏನಾಗಲ್ಲ" ಎನ್ನುವುದು ಅರ್ಧ ಸತ್ಯ. ನೆರಳು ಹುಡುಕಿಕೊಂಡು ಹೋಗಲು ಬಿಟ್ಟ ನಾಯಿಗೆ ಏನೂ ಆಗುವುದಿಲ್ಲ. ತಗಡಿನ ಶೆಡ್ಡಿನ ಕೆಳಗೆ ಕಟ್ಟಿದ ನಾಯಿಗೆ ಆಗುತ್ತದೆ.

ಮಣ್ಣಿನ ತೊಟ್ಟಿಯಲ್ಲಿ ನೀರಿಡಿ, ಸ್ಟೀಲ್ ಬೋಗುಣಿಯ ನೀರು ಮಧ್ಯಾಹ್ನಕ್ಕೆ ಕುದಿಯುತ್ತದೆ. ಎರಡು ಕಡೆ ಇಡಿ, ಒಂದು ಮಗುಚಿದರೂ ಇನ್ನೊಂದಿರುತ್ತದೆ. ಬೇವು, ಹುಣಸೆ ಮರದ ನೆರಳು ತಗಡಿನ ನೆರಳಿಗಿಂತ ಎಷ್ಟೋ ತಂಪು. ಮರವಿಲ್ಲದಿದ್ದರೆ ತಗಡಿನ ಮೇಲೆ ಕಬ್ಬಿನ ರವದಿ ಹಾಸಿ ನೀರು ಚಿಮುಕಿಸಿ. ನಡೆಸುವ ಮೊದಲು ಅಂಗೈಯ ಹಿಂಭಾಗವನ್ನು ಡಾಂಬರ್ ಮೇಲೆ ಐದಾರು ಸೆಕೆಂಡ್ ಇಟ್ಟು ನೋಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷಕ್ಕೂ ಬಿಡಬೇಡಿ.

ನಾಯಿಯ ಮೈಯ ಶಾಖ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಅಪಾಯ. ನಾಲಿಗೆ ಕಡುಗೆಂಪು, ಜೊಲ್ಲು ಅಂಟು, ತೇಕುವುದು ನಿಲ್ಲುವುದೇ ಇಲ್ಲ, ಕಾಲು ತಡವರಿಸುತ್ತದೆ. ಕೂಡಲೇ ನೆರಳಿಗೆ ತಂದು ಮೈಮೇಲೆಲ್ಲ ಸಾದಾ ನೀರು ಸುರಿಯಿರಿ, ಹೊಟ್ಟೆ, ತೊಡೆ ಸಂದಿಗೆ ಹೆಚ್ಚು. ಫ್ಯಾನ್ ಹಾಕಿ. ಒದ್ದೆ ಗೋಣಿಚೀಲ ಹೊದಿಸಿ ಬಿಡಬೇಡಿ, ಶಾಖ ಒಳಗೇ ಕೂರುತ್ತದೆ. ಬಾಯಿಗೆ ಒತ್ತಾಯದಿಂದ ನೀರು ಹುಯ್ಯಬೇಡಿ. ತಂಪಾಗಿಸುತ್ತಲೇ ಆಸ್ಪತ್ರೆಗೆ ಒಯ್ಯಿರಿ. ಎದ್ದು ಕೂತಿತು ಅಂತ ಮನೆಯಲ್ಲೇ ಇಟ್ಟುಕೊಳ್ಳಬಾರದು, ಒಳಗಿನ ಅಂಗಗಳಿಗೆ ಆದ ಪೆಟ್ಟು ಮರುದಿನ ಕಾಣಿಸಬಹುದು.

ಉಣ್ಣಿ, ವಿಷ, ಹಾವು

ದನದ ಕೊಟ್ಟಿಗೆ ಇರುವ ಮನೆಯಲ್ಲಿ ಉಣ್ಣಿ ತಪ್ಪುವುದಿಲ್ಲ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ವಾರಕ್ಕೆರಡು ಸಲ ಕೈಯಾಡಿಸಿ ನೋಡಿ. ಉಣ್ಣಿ ಜ್ವರ ಬಂದರೆ ನಾಯಿ ಮಂಕಾಗುತ್ತದೆ, ಒಸಡು ಬಿಳಿಚುತ್ತದೆ, ಮೂತ್ರ ಕೆಂಪಾಗಬಹುದು, ಮೂಗಿನಿಂದ ರಕ್ತ ಬರಬಹುದು. ರಕ್ತಪರೀಕ್ಷೆ ಮಾಡಿಸಿ ಬೇಗ ಔಷಧ ಕೊಟ್ಟರೆ ಉಳಿಯುತ್ತದೆ. ದನಕ್ಕೆ ತಂದ ಉಣ್ಣಿ ಔಷಧವನ್ನು ಅದೇ ಅಳತೆಯಲ್ಲಿ ನಾಯಿಗೆ ಸುರಿಯುವವರಿದ್ದಾರೆ. ಬೇಡವೇ ಬೇಡ. ಹಾಗೇ ಮನುಷ್ಯರ ಪ್ಯಾರಾಸಿಟಮಾಲ್, ನೋವಿನ ಗುಳಿಗೆ ಕೂಡ.

ಇಲಿ ಪಾಷಾಣ, ದ್ರಾಕ್ಷಿಗೆ ಹೊಡೆಯುವ ಔಷಧದ ಖಾಲಿ ಡಬ್ಬಿ ನಾಯಿಗೆ ಸಿಗದ ಕಡೆ ಇಡಿ. ವಿಷ ತಿಂದ ಅನುಮಾನ ಬಂದರೆ ಆ ಡಬ್ಬಿಯನ್ನೂ ಡಾಕ್ಟರ ಹತ್ತಿರ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ.

ಕಬ್ಬು ಕಡಿಯುವ ಹಂಗಾಮಿನಲ್ಲಿ ಹಾವು ಹೊರಗೆ ಬರುತ್ತವೆ. ಕೊಳಕುಮಂಡಲ ಕಚ್ಚಿದರೆ ಮುಖವೋ ಕಾಲೋ ಬಾತುಕೊಂಡು ರಕ್ತ ಜಿನುಗುತ್ತದೆ. ಕಟ್ಟು ಹಾಕಬೇಡಿ, ಕೊಯ್ಯಬೇಡಿ, ನಡೆಸಬೇಡಿ, ಎತ್ತಿಕೊಂಡು ಹೋಗಿ. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ನಾಯಿಗೂ ಕೆಲಸ ಮಾಡುತ್ತದೆ. ನಿಮ್ಮ ಕಡೆ ಯಾವ ಪಶುವೈದ್ಯರ ಹತ್ತಿರ ಅದು ಸಿಗುತ್ತದೆ ಎಂದು ಹಂಗಾಮಿಗೆ ಮುಂಚೆಯೇ ಕೇಳಿಟ್ಟುಕೊಳ್ಳಿ.

ಮರಿ ಹಾಕಿಸುವ ಆಸೆ

ಹೆಣ್ಣುನಾಯಿ ಇದೆ, ಮರಿಗೆ ಒಳ್ಳೇ ರೇಟಿದೆ, ಒಂದೆರಡು ಸಲ ಹಾಕಿಸಿದರೆ ಖರ್ಚೆಲ್ಲ ಹುಟ್ಟುತ್ತದೆ ಎನ್ನುವ ಲೆಕ್ಕ ಬಹಳ ಮನೆಗಳಲ್ಲಿದೆ. 2017ರ ಆ ನಿಯಮಗಳ ಪ್ರಕಾರ 18 ತಿಂಗಳು ತುಂಬದ ಹೆಣ್ಣನ್ನು ಕೂಡಿಸುವಂತಿಲ್ಲ, ಬೆನ್ನುಬೆನ್ನಿಗೆ ಎರಡು ಸಲ ಮರಿ ತೆಗೆಯುವಂತಿಲ್ಲ, ಜೀವಮಾನದಲ್ಲಿ ಐದಕ್ಕಿಂತ ಜಾಸ್ತಿ ಸಲ ಮರಿ ಹಾಕಿಸುವಂತಿಲ್ಲ. ಮಾರುವ ಉದ್ದೇಶವಿದ್ದರೆ ನೋಂದಣಿಯೂ ಬೇಕು. ಗರ್ಭ ಸುಮಾರು 63 ದಿನ, ಆಮೇಲೆ ಎಂಟು ವಾರ ಮರಿಗಳ ಊಟ, ಲಸಿಕೆ, ರಾತ್ರಿಯ ನಿದ್ದೆಗೇಡು. ಲೆಕ್ಕ ಹಾಕಿ ನೋಡಿ, ಉಳಿಯುವುದೇನೂ ಇಲ್ಲ. ಮುಖ್ಯವಾಗಿ, ಆ ಆರೆಂಟು ಮರಿಗಳಿಗೂ ಓಡಲು ಜಾಗವಿರುವ ಮನೆ ಹುಡುಕಿಕೊಡುವುದು ನಿಮ್ಮ ಕೆಲಸ.

ಆ ಉದ್ದೇಶ ಇಲ್ಲದಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಯಾವ ವಯಸ್ಸಿಗೆ ಎಂಬುದನ್ನು ಡಾಕ್ಟರ್ ಹೇಳಲಿ. ನೀವು ಹೇಳಬೇಕಾದ್ದು ಒಂದೇ: ಇದು ಮುಧೋಳ ನಾಯಿ. ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಕೆಲವು ಅರಿವಳಿಕೆ ಔಷಧಗಳ ಮಂಪರು ಈ ಜಾತಿಯ ನಾಯಿಗಳಿಗೆ ಬೇಗ ಇಳಿಯುವುದಿಲ್ಲ. ಬೆದೆಗೆ ಬಂದಾಗ ಮೂರು ವಾರ ಹೊರಗೆ ಬಿಡದೆ ಕಾಯಿರಿ.

ಕಚ್ಚಿದರೆ

ನಿಮ್ಮ ನಾಯಿಯಾಗಲಿ ಬೀದಿಯದಾಗಲಿ, ಯಾರಿಗಾದರೂ ಕಚ್ಚಿದರೆ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಮೆತ್ತಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಸಿಕೆಯ ಮುಂದಿನ ಡೋಸುಗಳು 3, 7, 28ನೇ ದಿನ, ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೇ ದಿನವೂ ಒಂದು. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇಮ್ಯುನೊಗ್ಲೊಬ್ಯುಲಿನ್ (ರೇಬಿಸ್ ತಡೆಯುವ ಇನ್ನೊಂದು ಇಂಜೆಕ್ಷನ್) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ರೇಬಿಸ್ ಲಕ್ಷಣ ಕಂಡ ಮೇಲೆ ಉಳಿಸುವ ಔಷಧವಿಲ್ಲ. ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲಬೇಡಿ, ಹತ್ತು ದಿನ ಕಣ್ಣಿಟ್ಟಿರಿ.

ನಿಮ್ಮ ನಾಯಿ ಕಚ್ಚಿದ್ದಾದರೆ ಆಸ್ಪತ್ರೆಗೆ ನೀವೇ ಕರೆದೊಯ್ದು ಖರ್ಚು ಕೊಡಿ. ನಿರ್ಲಕ್ಷ್ಯದಿಂದ ಸಾಕಿದ ಪ್ರಾಣಿ ಜನರಿಗೆ ಅಪಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಆಡು, ಕೋಳಿ ಹಿಡಿದಾಗಲೂ ನೀವೇ ಖರ್ಚು ಕೊಡಿ. ಪಂಚಾಯ್ತಿ ಕೂಡುವ ಮೊದಲೇ ಹೋಗಿ ದುಡ್ಡು ಕೊಟ್ಟು ಬಂದರೆ ನಿಮ್ಮ ನಾಯಿಗೆ ಯಾರೂ ವಿಷ ಹಾಕುವುದಿಲ್ಲ.

ಸಾಕಲು ಆಗದೇ ಹೋದರೆ

ವರ್ಗಾವಣೆ, ಕಾಯಿಲೆ, ಮನೆ ಬದಲಾವಣೆ ಯಾರಿಗೂ ಬರಬಹುದು. ಮುಪ್ಪಾದ ನಾಯಿಯನ್ನು ಟೆಂಪೊದಲ್ಲಿ ಹಾಕಿಕೊಂಡು ಹೋಗಿ ಹೆದ್ದಾರಿಯ ಧಾಬಾ ಹತ್ತಿರ ಇಳಿಸಿ ಬರುವುದು ಮಾತ್ರ ಆಗದು. ಅನ್ನ ನೀರಿಲ್ಲದೆ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದನ್ನೂ 1960ರ ಕಾಯ್ದೆ ಅಪರಾಧ ಎನ್ನುತ್ತದೆ. ಮೊದಲು ಮರಿ ಕೊಟ್ಟವರನ್ನೇ ಕೇಳಿ. ಆಮೇಲೆ ತೋಟದ ಮನೆ ಇರುವ ನೆಂಟರು, ನಿಮ್ಮ ಪಶುವೈದ್ಯರು. ದುಡ್ಡಿಗೆ ಕೊಡುವುದಕ್ಕಿಂತ ಮನೆ ನೋಡಿ ಕೊಡಿ.

ಕೊಡುವಾಗ ಲಸಿಕೆ ಕಾರ್ಡ್ ಜೊತೆಗೆ ಕೊಡಿ. ಅದು ಮಲಗುತ್ತಿದ್ದ ಕೌದಿಯನ್ನು ಒಗೆಯದೆ ಕಳಿಸಿ, ಹಳೇ ವಾಸನೆಗೆ ಬೇಗ ಹೊಂದಿಕೊಳ್ಳುತ್ತದೆ. ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ, ಕೋಳಿ ಕಂಡರೆ ಏನು ಮಾಡುತ್ತದೆ ಎಂಬುದನ್ನು ಮುಚ್ಚಿಡದೆ ಹೇಳಿ. ಮೊದಲ ಮೂರು ವಾರ ಹಗ್ಗವಿಲ್ಲದೆ ಹೊರಗೆ ಬಿಡಬಾರದು ಎಂದು ಎರಡು ಸಲ ಹೇಳಿ. ಹಳೇ ಮನೆ ಹುಡುಕಿಕೊಂಡು ಹೊರಟರೆ ಅದನ್ನು ಹಿಡಿಯುವವರಿಲ್ಲ. ಪಟ್ಟಿಯ ಮೇಲಿನ ಫೋನ್ ನಂಬರನ್ನೂ ಮೈಕ್ರೊಚಿಪ್ಪಿನ ದಾಖಲೆಯಲ್ಲಿರುವ ಹೆಸರನ್ನೂ ಅದೇ ವಾರ ಬದಲಿಸಿಬಿಡಿ.